ಎಕ್ಸ್ ಎಂದಿರಲಿ

“ಬುಟ್ಟಿಯಲ್ಲಿ ಎಷ್ಟೋ ಬಂಗಡೆ.
ಅರ್ಧ ಮಾರಿದಳು, ಮೂರು ಕೊಸರು ಕೊಟ್ಟಳು,
ಉಳಿದವು ಹನ್ನೆರಡು.
ಸಮೀಕರಣ ಬರೆಯಿರಿ.”

ಕೋಡಿಬಾಗದ ಶಾಲೆ, ಊಟದ ನಂತರದ ಪೀರಿಯಡ್ಡು.
‘ಎಷ್ಟೋ’ ಇದ್ದಲ್ಲಿ ಎಕ್ಸ್ ಎಂದೆ.
ಮಾರಿದ್ದಕ್ಕೂ ಕೊಟ್ಟಿದ್ದಕ್ಕೂ ಒಂದೇ ಚಿಹ್ನೆ, ಕಳೆಯಿರಿ ಎಂದೆ.

ರುಕ್ಮಾ ತಾಂಡೇಲ ಎದ್ದಳು:
“ಕೊಸರು ಕಳೆಯೋದಲ್ಲ ಸರ್.
ಅದು ಕೊಟ್ಟರೇ ಅವರು ನಾಳೆ ಬರೋದು.
ಆಯಿ ಅದನ್ನ ಕೂಡ್ತಾಳೆ.”

ನಾಳೆಗೆ ಯಾವ ಅಕ್ಷರ?
ಸೀಮೆಸುಣ್ಣ ಹಲಗೆಗೆ ತಾಗಿ ನಿಂತಿತು.
ಇವತ್ತಿನ ಬುಟ್ಟಿಯದಷ್ಟೇ ಕೇಳಿದ್ದಾರೆ, ಕೂತ್ಕೋ.

ಉತ್ತರ ಸರಿ ಬರೆದಿದ್ದಳು, ಮೂವತ್ತು.
ಸಮ ಚಿಹ್ನೆಯಲ್ಲಿ ಮಾತ್ರ
ಮೇಲಿನ ಗೆರೆ ಉದ್ದ, ಕೆಳಗಿನದು ಗಿಡ್ಡ:
ದೋಣಿ, ಅದಕ್ಕೆ ಕಟ್ಟಿದ ಉಲಾಂಡಿ.

ತಿದ್ದಲು ಪೆನ್ನು ತೆಗೆದೆ.
“ಗಿಡ್ಡದ್ದು ಅಳಿಸಬೇಡಿ ಸರ್,
ಮಗುಚ್ತದೆ.”