ಗುಳಿ

ನಮ್ಮ ಕ್ಲಬ್ಬಿನ ಕೋರ್ಟಿನಾಗ ಹುಲ್ಲು ಅಂದರ ಗರಿಕಿ.
ಚೌತಿಯ ಹಿಂದಿನ ದಿನ ಮಾಳಮಡ್ಡಿಯ ಹೆಣ್ಮಕ್ಕಳು
ಬುಟ್ಟಿ ಹಿಡಕೊಂಡು ಬೇಲಿಗೆ ಬಂದು ನಿಲ್ಲತಿದ್ದರು.
ಮಾರ್ಕರ್ ದಾವಲಸಾಬ ಎಣಿಸಿ ಕೊಡತಿದ್ದ, ಇಪ್ಪತ್ತೊಂದರ ಕಟ್ಟು,
ಬೇಸ್‌ಲೈನಿನ ಹಿಂದಿಂದು ಮಾತ್ರ.
ನೆಟ್ಟಿನ ಹತ್ತಿರದ್ದು ಕೇಳಿದರ
"ಅದು ಆಟದ್ದವ್ವಾ, ದೇವರದಲ್ಲ."

ಗಣಪತಿ ಕೆಲಗೇರಿ ಕೆರಿಗೆ ಹೋದ ಮರುದಿನ ಟೂರ್ನಮೆಂಟು.
ತೊಂಬತ್ತೊಂದನೇ ವರ್ಷ ಅಂತ ಈಗ ಬೋರ್ಡಿನ ಮ್ಯಾಲೆ ಬರದಾರ;
ನಡುವ ಎರಡು ವರ್ಷ ಆಡಲಿಲ್ಲ, ಅವನ್ನೂ ಎಣಿಸ್ಯಾರ.
ಬಿಳಿ ಅಂಗಿ, ಬಿಳಿ ಚಡ್ಡಿ. ನಾಕಕ್ಕ ಗಿರಮಿಟ್ಟು, ಚಾ.
ಎಣ್ಣಿಗೈಲೆ ಬಾಲು ಮುಟ್ಟಿದರ ನಾಲ್ಕಾಣೆ ದಂಡ.
ನಾನು ಎರಡು ಸಲ ಕೊಟ್ಟೇನಿ.
ಬಾಲು ಹೆಕ್ಕಿದ್ದಕ್ಕ ನನ್ನ ದಿನಗೂಲಿನೂ ನಾಲ್ಕಾಣೆನ.

ಎಲ್ಲಾಕಿಂತ ದೊಡ್ಡ ಪದ್ಧತಿ ಗುಳಿ ತೋರಸೋದು.

ಆಗ ರೋಲರ್ ಎಳೀತಿದ್ದದ್ದು ಜೋಡಿ ಎತ್ತು, ಕೆಂದ, ಹಂಡ.
ಗೊರಸಿಗೆ ಹುಲ್ಲು ಹರೀಬಾರದಂತ
ಹೊನ್ನಪ್ಪ ಸಮಗಾರ ಎಂಟು ಚರ್ಮದ ಬೂಟು ಹೊಲಿದಿದ್ದ,
ಒಳಗ ಹತ್ತಿ, ಮ್ಯಾಲೆ ಲಾಡಿ.
ಒಂದು ಮುಂಜಾನೆ ಹಂಡನ ಲಾಡಿ ಬಿಚ್ಚಿತು.
ಹಸೀ ನೆಲ, ಬರಿಗೊರಸು, ಒಂದೇ ಹೆಜ್ಜಿ,
ಮೂಡಲ ಬದಿ, ಸರ್ವಿಸ್ ಗೆರಿಯಿಂದ ಗೇಣು ಈಚೆ.
ಅಲ್ಲಿ ಬಿದ್ದ ಬಾಲು ಮೊಂಡ ಎತ್ತಿನಂಗ
ಕರದ ಕಡೆ ಬಿಟ್ಟು ಎಡಕ್ಕ ಹೊಳ್ಳತಿತ್ತು.

ಅವತ್ತಿನಿಂದ ಫೈನಲ್ಲಿನ ದಿನ, ಟಾಸಿಗೂ ಮೊದಲು,
ಮಾರ್ಕರ್ ಇಬ್ಬರನ್ನೂ ಕರಕೊಂಡು ಹೋಗಿ
"ಇಲ್ಲೈತ್ರಿ" ಅಂತಾನ.
ಇಬ್ಬರೂ ಬೂಟಿನ ತುದಿಯಿಂದ ಮುಟ್ಟಿ ಬರಬೇಕು.
ಊರವನಿಗೆ ಗೊತ್ತಿದ್ದದ್ದು ಪರಊರವನಿಗೂ ಗೊತ್ತಿರಬೇಕು, ಅಷ್ಟ.
ಕಲೆಕ್ಟರ್ ಸಾಹೇಬರಿಗೂ ತೋರಿಸಿದ್ದ.
ಕಣ್ಣು ಮಂಜಾದ ಮ್ಯಾಲೂ
ಹೆಜ್ಜಿ ಎಣಿಸಿ ತೋರಿಸಿದ್ದ.

ಆ ವರ್ಷ ವಕೀಲ ಗುಂಡೇರಾಯರು, ಬೆಟಗೇರಿಯ ಸಾಲೋಮನ್ ಮಾಸ್ತರು.
ಕಡೀ ಪಾಯಿಂಟು. ಬಾಲು ಅಲ್ಲೇ ಬಿತ್ತು.
ಮಾಸ್ತರು ಎಡಕ್ಕ ಸರದರು, ಗುಳಿ ನಂಬಿ.
ಬಾಲು ಸಾಲಿಗೆ ಹೊಂಟ ಹುಡುಗನಂಗ
ನೆಟ್ಟಗ ಬಂತು, ನೆಟ್ಟಗ ಹೋತು,
ಹಿಂದ ನಿಂತ ನನ್ನ ಕೈಯಾಗ ಕುಂತಿತು.
"ನಿಮ್ಮ ಗುಳಿ ಗೆದ್ದಿತ್ರಿ" ಅಂತ ನಕ್ಕು ಮಾಸ್ತರು
ಗದಗಿನ ರೈಲು ಹಿಡದರು.

ಸಂಜಿಕ ದಾವಲಸಾಬ ಮಣಕಾಲೂರಿ ಅಂಗೈಲೆ ಹುಡುಕಿದ.
ನಾನೂ ಹುಡುಕಿದೆ. ಗರಿಕಿ ತಂಪಿತ್ತು.
ನೆಲ ತಾಟಿನಷ್ಟು ಸಮ.
"ಯಾವಾಗ ತುಂಬೇತೋ" ಅಂದ,
ದಿನಾ ರೋಲರ್ ಹೊಡಸಿದಾಂವ ತಾನ.
ಆಮ್ಯಾಲೆ, "ಯಾರ ಮುಂದೂ ಅನಬ್ಯಾಡ."

ಅಂದಿಲ್ಲ.
ಈಗ ಸುಣ್ಣದ ಡಬ್ಬಿ ನನ್ನ ಕೈಯಾಗೈತಿ.
ಈ ಸಲ ಹುಬ್ಬಳ್ಳಿ ಹುಡುಗಿ, ಹದಿನೇಳರಾಕಿ, ಬಗ್ಗಿ ನೋಡಿ
"ಕಾಕಾ, ಇಲ್ಲೇನೂ ಇಲ್ಲಲ್ಲ" ಅಂದಳು.
"ಮೊದಲು ಮುಟ್ಟವಾ, ಆಮ್ಯಾಲೆ ಹೇಳತೇನಿ."
ಮುಟ್ಟಿದಳು.
ನಾನು ನೆಟ್ಟಿನ ಎತ್ತರ ಅಳಿಲಿಕ್ಕೆ ಹೋದೆ.