ಅರಿಗೊಂಡನ ವಯಸ್ಸು

ಶ್ರೀರಾಮಪುರದ ಮೆಟ್ರೊ ಕಂಬದ ನೆರಳು
ಅಂಗಡಿ ಬಾಗಿಲಿಗೆ ಬರುವುದು ನಾಲ್ಕೂವರೆಗೆ.
ಶನಿವಾರ ಅಷ್ಟೊತ್ತಿಗೆ ಕತ್ತರಿಸುವ ಮೇಜು ಖಾಲಿ ಮಾಡುತ್ತೇನೆ:
ಅಸ್ತರಿನ ಚೂರು, ಹುಕ್ಕಿನ ಡಬ್ಬಿ,
ಕುಸುಮಮ್ಮನ ಒಂದೇ ತೋಳಿನ ರವಿಕೆ, ಎಲ್ಲ ಹಲಗೆಯ ಮೇಲಕ್ಕೆ.
ನನ್ನದೇ ಸೀಮೆಸುಣ್ಣದಲ್ಲಿ ತಬ್ರೇಜ್
ಮೇಜಿನ ಮೇಲೊಂದು ಹೊಳೆ ಬರೆಯುತ್ತಾನೆ.
ಹೊಳೆಗೊಂದು ಸೇತುವೆ. ಸೇತುವೆಯಾಚೆ ಏನಿದೆಯೋ
ಅವನೊಬ್ಬನೇ ಬಲ್ಲ.

ಮೊದಲು ಬರೀ ಬಾಡಿಗೆ. ಗಂಟೆಗೆ ನಲವತ್ತು, ಫ್ಯಾನು ಸೇರಿ.
ಒಂದು ದಿನ ಅವರಲ್ಲೊಬ್ಬ ಬರಲಿಲ್ಲ.
"ಮಾಸ್ಟ್ರೇ, ಸುಮ್ನೆ ಕೂತ್ಕೊಳಿ, ದಾಳ ಉರುಳಿಸಿದ್ರೆ ಸಾಕು"
ಅಂದಳು ಜೆರೂಷ.
ಯಾರಿಗೂ ಬೇಡದ ಹಾಳೆ ನನ್ನ ಪಾಲಿಗೆ ಬಂತು.
ಹೆಸರು ಅರಿಗೊಂಡ. ಕಸುಬು ಕತ್ತಿ.
ವಯಸ್ಸು ಅರವತ್ತೊಂದು.
ವೇಗಕ್ಕೆ ಎರಡು ಕಳೆ, ಕಣ್ಣಿಗೆ ಒಂದು ಕಳೆ,
ಅನುಭವಕ್ಕೆ ಮೂರು ಕೂಡು.
ಅಳತೆ ಯಾರು ತೆಗೆದರೋ,
ನನಗೆ ಎಲ್ಲೂ ಬಿಗಿಯಾಗಲಿಲ್ಲ.

ಜೆರೂಷಳ ಬಿಲ್ಲುಗಾತಿ ಮಾತು ಕೇಳುವವಳಲ್ಲ.
ಮೊದಲು ಒದೆಯುತ್ತಾಳೆ, ಆಮೇಲೆ
ಅದು ಬಾಗಿಲೋ ಗೋಡೆಯೋ ನೋಡುತ್ತಾಳೆ.
ಪ್ರಣೀತನ ಈಟಿಯವನು ಪ್ರತಿ ಕಾಳಗಕ್ಕೂ ಮುಂಚೆ
ನಿಂತು ಭಾಷಣ ಮಾಡುತ್ತಾನೆ;
ಕಾಲೇಜಿನಲ್ಲಿ ಹಾಜರಿಗೂ ಬಾಯಿ ಬಿಡುವುದಿಲ್ಲವಂತೆ.
ಅರಿಗೊಂಡ ಇವರಿಗೆ ಹೇಳಿಕೊಟ್ಟದ್ದು ಕಮ್ಮಿ:
ಕತ್ತಿ ಎತ್ತುವ ಮೊದಲು ಕಾಲೆಲ್ಲಿದೆ ನೋಡು.
ಓಡುವವನ ಬೆನ್ನು ಬಿಡು.
ಉಣ್ಣುವಾಗ ಬಾಗಿಲು ಕಾಣುವ ಹಾಗೆ ಕೂರು.

ಇದೆಲ್ಲ ನನಗೆಲ್ಲಿಂದ ಬಂತೋ.
ನಾನು ಯಾರ ಮೇಲೂ ಕೈಯೆತ್ತಿದವನಲ್ಲ.
ಕೆಲಸ ಕಲಿಯಲು ಬಂದ ಹುಡುಗರು
ಕಾಜಾ ಹಾಕುವುದು ಕೈಗೆ ಹತ್ತಿದ ಕೂಡಲೇ
ಪೀಣ್ಯದ ಗಾರ್ಮೆಂಟ್ಸಿನ ವ್ಯಾನು ಹತ್ತಿದರು.
ಹೇಳದೆ ಉಳಿದದ್ದು ಎಲ್ಲೋ ಇತ್ತೇನೋ,
ಕತ್ತಿಯ ನೆಪಕ್ಕೆ ಕಾದಿತ್ತೇನೋ.

ಆ ಸೇತುವೆ ಮೇಲೆ ಮೂರು ಶನಿವಾರ ನಿಂತಿದ್ದೆವು.
ಆಚೆಯಿಂದ ಬಂದದ್ದಕ್ಕೆ ಮುಖವಿರಲಿಲ್ಲ, ಕೈ ಆರು.
"ನೀವು ಹಿಂದೆ ಸರೀರಿ," ಅಂದ ಅರಿಗೊಂಡ.
"ಸರಿಯಲ್ಲ."
"ಇದು ಆಜ್ಞೆ."
"ಆಜ್ಞೆ ನೀವೇ ಇಟ್ಕೊಳಿ, ತಾತ."
ಉರುಳಿಸಿದೆ. ದಾಳ ಕತ್ತರಿಗೆ ಒರಗಿ
ಹತ್ತೊಂಬತ್ತು ತೋರಿಸಿತು.
ಅಷ್ಟರಲ್ಲಿ ತಲೆ ಮೇಲೆ ಮೆಟ್ರೊ ಹಾಯಿತು,
ರಟ್ಟು ಮಡಚಿ ಕೊಟ್ಟ ಮೇಜಿನ ಕಾಲು ನಡುಗಿತು,
ದಾಳ ಮಗ್ಗುಲಾಗಿ ಎರಡಕ್ಕೆ ಕೂತಿತು.

ಗಲಾಟೆಯೋ ಗಲಾಟೆ. "ಹತ್ತೊಂಬತ್ತೇ, ನಾನೇ ನೋಡ್ದೆ!"
ಪ್ರಣೀತ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು,
ಈಟಿಯವನದಲ್ಲ, ಅವನದೇ ದನಿ.
ತಬ್ರೇಜ್ ನನ್ನ ಮುಖ ನೋಡಿದ.
ಕೂತದ್ದೇ ಲೆಕ್ಕ, ಅಂದೆ.
ಕತ್ತರಿ ಆಡಿದ ಮೇಲೆ ಅಳತೆ ತಿದ್ದಕ್ಕಾಗಲ್ಲ.
ಅರಿಗೊಂಡನ ಬಲಗೈ ಮಣಿಕಟ್ಟಿನ ತನಕ ಹೋಯಿತು.
ಜೆರೂಷ ಟೀ ಕುಡಿಯದೆ
ಬ್ಯಾಗಿನ ಜಿಪ್ಪೆಳೆದುಕೊಂಡು ಎದ್ದಳು.

ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದಳು.
ಬಿಲ್ಲುಗಾತಿ ತನ್ನ ಬತ್ತಳಿಕೆಯ ಪಟ್ಟಿ ಕೊಯ್ದು
ಮುದುಕನ ಎಡಗೈಗೆ ಕತ್ತಿ ಬಿಗಿದಳು.
"ಎಡಗೈಗೆ ನಾಲ್ಕು ಕಳೆ," ಅಂದ ತಬ್ರೇಜ್.
"ಗೊತ್ತು," ಅಂದಳು, ನನ್ನ ಕಡೆ ನೋಡದೆ.
ಅವತ್ತು ರಾತ್ರಿ ಷಟರ್ ಎಳೆಯುವಾಗ ಕಂಡೆ:
ಸೂಜಿದಿಂಡಿನಲ್ಲಿ ಹನ್ನೊಂದು ಸೂಜಿ,
ಹನ್ನೊಂದಕ್ಕೂ ದಾರ ಪೋಣಿಸಿತ್ತು, ಗಂಟು ಸಮೇತ.
ಎರಡು ಬಣ್ಣ ತಪ್ಪಿದ್ದವು.
ಈ ವಿಷಯ ನಾವು ಆಡುವುದಿಲ್ಲ.

ಆಟ ಶುರುವಾಗಿ ನಾಲ್ಕನೇ ವರ್ಷ.
ನಿಯಮದ ಪ್ರಕಾರ ಅರಿಗೊಂಡನಿಗೆ ಈಗ ಅರವತ್ತನಾಲ್ಕು,
ವೇಗ ಇನ್ನೂ ಮೂರು ಕಳೆಯಬೇಕು.
ಪ್ರತಿ ಯುಗಾದಿಗೂ ನಾನೇ ಪೆನ್ಸಿಲಿನಲ್ಲಿ ತಿದ್ದುತ್ತೇನೆ.
ಮುಂದಿನ ಶನಿವಾರಕ್ಕೆ ಮತ್ತೆ ಅರವತ್ತೊಂದು.
ಯಾರೆಂದು ಕೇಳಿಲ್ಲ. ಅಕ್ಷರ ಒಂದೊಂದು ಸಲ ಒಬ್ಬೊಬ್ಬರದು.
ಉಜ್ಜಿ ಉಜ್ಜಿ ಹಾಳೆ ಅಲ್ಲಿ ಸವೆದಿದೆ.
ಟ್ಯೂಬ್‌ಲೈಟಿಗೆ ಹಿಡಿದರೆ
ಆ ಚೌಕದಲ್ಲಿ ಬೆಳಕು ಹಾಯುತ್ತದೆ.