ನಾಲ್ಕು ಮನೆ

ಗೋಣಿಕೊಪ್ಪದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಗೆರೆ ಎಳೆಯುತ್ತೇನೆ, ಅಡ್ಡಕ್ಕೊಂದು, ಉದ್ದಕ್ಕೊಂದು.
ನಾಲ್ಕು ಮನೆ. ಚೌಕಾಬಾರದ ಹಾಗೆ,
ಕವಡೆ ಮಾತ್ರ ಆಗಲೇ ಬಿದ್ದಾಗಿದೆ.

ನಾನೂರ ಹನ್ನೆರಡು ಎದೆಗೂಡು.
ಸೌದೆ ಒಲೆ ಊದಿದವರು, ಕಾಫಿ ಹೊಟ್ಟಿನ ದೂಳು ಕುಡಿದವರು,
ಕಿವಿಯ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಂಡೇ
"ಬಿಟ್ಟು ವರ್ಷವಾಯ್ತಕ್ಕ" ಎಂದವರು.

ಒಂದು ಪರೀಕ್ಷೆ ಕಫ ಕೇಳುತ್ತದೆ,
ಇನ್ನೊಂದು ಉಸಿರು ಹಿಡಿ, ಅಲ್ಲಾಡಬೇಡ ಅನ್ನುತ್ತದೆ.
ಎರಡನ್ನೂ ಸೇರಿಸಿ ನೋಡಿ ಎಂದರು ಡಾಕ್ಟರು.
ಸೇರಿಸುವುದೆಂದರೆ ಹೇಗೆ?
ಒಂದು ಕೂಗಿದರೂ ಸಾಕೆ,
ಎರಡೂ ಕೂಗಬೇಕೆ?

ನಮ್ಮ ತೋಟದಂಚಿಗೆ ಸೋಲಾರ್ ಬೇಲಿಯಿದೆ, ನಾಯಿಯಿದೆ.
ನಾಯಿ ಹಲಸು ಬಿದ್ದರೂ ಬೊಗಳುತ್ತದೆ.
ಬೇಲಿ ಆನೆ ಮುಟ್ಟಿದರೆ ಮಾತ್ರ ಕಿರುಚುತ್ತದೆ,
ಬ್ಯಾಟರಿ ಇದ್ದರೆ.
ನಾಯಿಯನ್ನೇ ನಂಬಿದರೆ ರಾತ್ರಿಯಿಡೀ ಟಾರ್ಚು, ಪಟಾಕಿ.
ಎರಡೂ ಹೇಳಲಿ ಎಂದು ಕಾದರೆ
ಬೆಳಗಿಗೆ ಬಾಳೆಯಿಲ್ಲ.

ಒಂದು ಕೂಗಿದರೂ ಸಾಕು ಎಂದುಕೊಂಡೆವು.
ಎರಡನೇ ಮನೆಯಲ್ಲಿ ಮೂವತ್ತೊಂದು ಜನ ತುಂಬಿದರು,
ಇಲ್ಲದ್ದನ್ನು ಇದೆ ಎಂದು ಕೇಳಿ
ಮೈಸೂರಿನ ಬಸ್ಸು ಹತ್ತಿ, ಎದೆಗೆ ಸೂಜಿ ಚುಚ್ಚಿಸಿಕೊಂಡು
ಬರಿಗೈಯಲ್ಲಿ ಮರಳಿದವರು.
ಹವಾಲ್ದಾರ್ ಉತ್ತಯ್ಯ ಆ ಎರಡು ವಾರದಲ್ಲೇ
ಕೋವಿಯನ್ನು ತಮ್ಮನ ಮಗನಿಗೆ ಕೊಟ್ಟುಬಿಟ್ಟಿದ್ದರು.
ಕೈಲ್‌ಪೊಳ್ದ್ ಬಂತು. ವಾಪಸು ಕೇಳಲು ನಾಚಿಕೆ.

ಕಫವೊಂದೇ ಹಿಡಿದದ್ದು ಐವರನ್ನು, ಸ್ಕ್ಯಾನೊಂದೇ ಹನ್ನೊಂದು.
ಎರಡೂ ಸೇರಿ ಹದಿಮೂರು.
ಹೆಚ್ಚಿಗೆ ಸಿಕ್ಕ ಆ ಇಬ್ಬರಲ್ಲೊಬ್ಬ, ಕುಂಞಾಲಿ,
ನಿನ್ನೆ ಸಂತೆಯಲ್ಲಿ ಒಣಮೀನಿಗೆ ಜಗಳವಾಡುತ್ತಿದ್ದ,
ಅರ್ಧ ಶ್ವಾಸಕೋಶದಲ್ಲಿ, ಪೂರ್ತಿ ಗಂಟಲಲ್ಲಿ.

ಹದಿನಾಲ್ಕರಲ್ಲಿ ಹದಿಮೂರು.
ತೊಂಬತ್ತೆರಡು ಪಾಯಿಂಟ್ ಒಂಬತ್ತು.
ಒಳ್ಳೆಯ ಅಂಕಿ ಎಂದರು ಡಾಕ್ಟರು. ಒಳ್ಳೆಯದೇ.

ಮೂರನೇ ಮನೆಯಲ್ಲಿ ಒಬ್ಬಳೇ.
ಎರವರ ಹಾಡಿಯ ಚೋಮಿ, ಬೀಡಿ ಮುಟ್ಟದವಳು.
ಕಫ ಸುಮ್ಮನಿತ್ತು. ಸ್ಕ್ಯಾನು ಸುಮ್ಮನಿತ್ತು.
ಚೀಟಿ ಕೊಟ್ಟದ್ದು ನಾನು.
ಓದಲು ಬಾರದು, ಕಣ್ಣಿಗೊತ್ತಿಕೊಂಡು
ಸೆರಗಿಗೆ ಗಂಟು ಹಾಕಿಕೊಂಡಳು.
ಏಳು ತಿಂಗಳಿಗೆ, ಕಾಫಿ ಕುಯ್ಲಿನ ನಡುವೆ,
ಕೆಮ್ಮಿದಾಗ ಅಂಗೈ ಕೆಂಪು.
ಹಣ್ಣಿನ ಬಣ್ಣವೆಂದುಕೊಂಡಳಂತೆ.

ಆ ಮನೆಯಲ್ಲಿ ಒಂದು ಎಂದು ಬರೆದೆ.
ಪೆನ್ನು ಮುಂದೆ ಹೋಗಲು ಹೊತ್ತು ಹಿಡಿಯಿತು.

ಇನ್ನು ನಾಲ್ಕನೆಯದು. ಮುನ್ನೂರ ಅರವತ್ತೇಳು.
ಮೇಲೆ "ರೋಗವಿಲ್ಲ" ಎಂದು ಬರೆಯಬೇಕು.
"ಈವರೆಗೆ ಕಾಣಲಿಲ್ಲ" ಎಂದು ಬರೆದಿದ್ದೇನೆ.
ಡಾಕ್ಟರು ಬೇಕಾದರೆ ತಿದ್ದಲಿ.